ಎರಡರಿಂದ ನಾಲ್ಕರ ಪಾಳಿ

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಗಂಟಲು ಒಡೆಯಿತು. ಅಲ್ಲಿವರೆಗೆ ಊರಿನ ಭಜನಾ ಮಂದಿರದಲ್ಲಿ ಮುಂದಿನ ಸಾಲಲ್ಲೇ ಕೂತು ಹಾಡುತ್ತಿದ್ದವನು ನಾನು. ಒಂದು ಶನಿವಾರ ಮೇಲಿನ ಸ್ವರಕ್ಕೆ ಹೋದೆ, ಒಳಗಿನಿಂದ ಬೇರೆ ಯಾರೋ ಕೂಗಿದ. ಹಾರ್ಮೋನಿಯಂ ಹಿಡಿದಿದ್ದ ಟೈಲರ್ ಮಾಮ ಶ್ರುತಿಯನ್ನು ಬಿಳಿ ಎರಡರಿಂದ ಬಿಳಿ ಒಂದಕ್ಕೆ ಇಳಿಸಿ ನೋಡಿದರು. ಅಲ್ಲೂ ಅವನೇ ಕೂಗಿದ. "ಸ್ವಲ್ಪ ದಿನ ಹಾಡುವುದು ಬೇಡ ಮಾರಾಯ, ತಾಳ ಹಿಡಿ" ಎಂದರು.

ಹೀಗೆ ನಾನು ಹಿಂದಿನ ಸಾಲಿಗೆ ಬಂದೆ.

ತಾಳ ಎಂದರೆ ಏನು ಮಹಾ, ಎರಡು ಕಂಚಿನ ಬಟ್ಟಲು, ಒಂದು ದಾರ ಅಂದುಕೊಂಡಿದ್ದೆ. ಮೊದಲ ಏಟಿಗೆ 'ಟಪ್' ಅಂತು. ಎರಡನ್ನೂ ನೇರ ಮುಖಕ್ಕೆ ಮುಖ ಕೊಟ್ಟು ಬಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ದನಿ ಸಾಯುತ್ತದೆ. ಸ್ವಲ್ಪ ಓರೆ ಮಾಡಿ, ಅಂಚಿಗೆ ಅಂಚು ತಾಗಿಸಬೇಕು. ಆಗ 'ಟಿಣ್' ಎಂದು ಹೊರಟದ್ದು ತೆಂಗಿನ ತೋಟ ದಾಟಿ ಹೋಗುತ್ತದೆ. ಬೆರಳಿಗೆ ಸುತ್ತಿದ ದಾರದ ಗುರುತು ಸೋಮವಾರದ ಗಣಿತದ ಕ್ಲಾಸಿನವರೆಗೂ ಇರುತ್ತಿತ್ತು.

ಹಿಂದಿನ ಸಾಲಲ್ಲಿ ಇನ್ನಿಬ್ಬರಿದ್ದರು. ಒಬ್ಬ ತಬಲ ಕಲಿಯುತ್ತಿದ್ದ, ಉಡುಪಿಯ ಇಂಗ್ಲಿಷ್ ಮೀಡಿಯಂ ಶಾಲೆಯವನು. ಇನ್ನೊಬ್ಬ ಏಳಕ್ಕೇ ಶಾಲೆ ಬಿಟ್ಟು ಮಲ್ಪೆ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಿದ್ದ. ಹೊರಗೆ ಸಿಕ್ಕಿದ್ದರೆ ನಾವು ಮೂವರು ಮಾತಾಡುವ ಸಂದರ್ಭವೇ ಇರಲಿಲ್ಲ. ಒಳಗೂ ಮಾತೇನಿರಲಿಲ್ಲ ಅನ್ನಿ. ಎಂಟೆಣಿಕೆಯ ಆದಿತಾಳದಲ್ಲಿ ನಾನು ಓಡಿದರೆ ತಬಲದವನು ಹುಬ್ಬು ಏರಿಸುತ್ತಿದ್ದ. ಬಂದರಿನವನು ತೊಡೆ ತಟ್ಟಿ ಎಳೆದು ತರುತ್ತಿದ್ದ. ಅವನಿಗೆ ತಾಳ ಕಲಿಸಿದವರು ಯಾರೂ ಇಲ್ಲ. ಬಲೆ ಎಳೆಯುವಾಗ ಎಲ್ಲರೂ ಒಟ್ಟಿಗೆ ಜಗ್ಗಬೇಕಲ್ವಾ, ಅಷ್ಟೇ ಎನ್ನುತ್ತಿದ್ದ.

ದಾಸರು ಹಾಡಿನ ಕೊನೆಗೆ ಹಾಕುವ ಅಂಕಿತನಾಮಗಳ ಬೆಲೆ ನಮಗೆ ತಿಳಿದದ್ದೂ ಅಲ್ಲೇ. ಭಕ್ತಿಯಿಂದ ಅಂತ ಸುಳ್ಳು ಹೇಳುವುದಿಲ್ಲ. ಪುರಂದರ ವಿಠಲ, ಆದಿಕೇಶವ, ಹಯವದನ, ಯಾವುದಾದರೊಂದು ಬಂತೆಂದರೆ ಹಾಡು ಮುಗಿಯಿತು, ಪ್ರಸಾದದ ಪಂಚಕಜ್ಜಾಯ ಒಂದು ಹಾಡಿನಷ್ಟು ಹತ್ತಿರವಾಯಿತು!

ವರ್ಷಕ್ಕೊಮ್ಮೆ ಏಕಾಹ. ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಶುರು ಮಾಡಿದ ಭಜನೆ ಮರುದಿನ ಸೂರ್ಯ ಹುಟ್ಟುವವರೆಗೆ ನಿಲ್ಲುವ ಹಾಗಿಲ್ಲ. ಸುತ್ತಲಿನ ಊರಿನ ತಂಡಗಳು ಪಾಳಿ ಹಂಚಿಕೊಳ್ಳುತ್ತವೆ. ಜನ ತುಂಬಿರುವ ಸಂಜೆಯ ಹೊತ್ತು ದೊಡ್ಡವರಿಗೆ. ರಾತ್ರಿ 2ರಿಂದ 4 ಹುಡುಗರಿಗೆ. ಕೇಳುವವರು ಎಂದರೆ ಕಂಬಕ್ಕೊರಗಿ ಗೊರಕೆ ಹೊಡೆಯುವ ಒಬ್ಬ ಅಜ್ಜ, ಮತ್ತು ದೇವರು.

ಆ ವರ್ಷ ಮೂರು ಗಂಟೆಯ ಹೊತ್ತಿಗೆ ನನಗೆ ನಿದ್ದೆ ಬಂತು. ಬಂತು ಎಂದರೆ ಪೂರ್ತಿ ಬಂತು. ಕೈ ಸುಮ್ನೆ ತನ್ನ ಪಾಡಿಗೆ ನಡೆಯುತ್ತಿತ್ತಂತೆ, ಆದರೆ ಹಾಡು ಒಂದು ದಾರಿ, ತಾಳ ಇನ್ನೊಂದು ದಾರಿ. ಕಣ್ಣು ಬಿಟ್ಟಾಗ ನನ್ನ ಎರಡೂ ಮುಂಗೈಗಳನ್ನು ಬಂದರಿನವನು ಹಿಂದಿನಿಂದ ಹಿಡಿದುಕೊಂಡಿದ್ದ. ನನ್ನ ಕೈಯಿಂದಲೇ ತಾಳ ಹಾಕಿಸುತ್ತಾ, ನನ್ನ ಕಿವಿಯ ಪಕ್ಕದಲ್ಲೇ ಗಟ್ಟಿಯಾಗಿ ಹಾಡುತ್ತಿದ್ದ. ತಬಲದವನು ನಗು ತಡೆಯಲಾಗದೆ ತಾಳದ ಒಂದು ಸುತ್ತಿಗಿಂತ ಜಾಸ್ತಿಯೇ ತಪ್ಪಿದ.

ನಾಲ್ಕಕ್ಕೆ ಪಕ್ಕದ ಊರಿನ ತಂಡ ಬಂತು. ತಾಳ ಬಿಟ್ಟುಕೊಡುವುದಕ್ಕೂ ಒಂದು ಕ್ರಮ ಇದೆ. ಬಂದವರು ತಮ್ಮ ತಾಳ ಶುರು ಮಾಡುವವರೆಗೆ ನಾವು ನಿಲ್ಲಿಸಬಾರದು. ಸ್ವಲ್ಪ ಹೊತ್ತು ಎರಡೂ ತಾಳ ಒಟ್ಟಿಗೆ ಕೇಳಿ, ಆಮೇಲೆ ನನ್ನದು ನಿಂತಿತು.

ಹೊರಗೆ ಕಪ್ಪು ಚಹಾ ಕುಡಿದೆವು. ನಿದ್ದೆಯ ವಿಷಯ ಯಾರೂ ಎತ್ತಲಿಲ್ಲ. ಬಂದರಿನವನು ಬೋಟಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿದ. ಸ್ವಲ್ಪ ದೂರ ಹೋದವನು ತಿರುಗಿ ಬಂದು ಕೈ ಚಾಚಿದ. "ನಿನ್ನ ಪಾಲಿನ ಅವಲಕ್ಕಿ ಇತ್ತ ಕೊಡು. ನಿನಗೆ ತಾಳ ಹಾಕಿದ ಕೂಲಿ."