ಹಾಲು ಇಳಿದದ್ದು ನಿಜ

ನಂಬಿಕೆಯು ಇಲ್ಲದ್ದನ್ನೂ ಕಣ್ಣಿಗೆ ಕಾಣಿಸುತ್ತದೆ ಎನ್ನಲು ಇತ್ತೀಚೆಗೆ ನಾನು ಓದಿದ ಲೇಖನವೊಂದರ ಲೇಖಕರು 1995ರ ಸೆಪ್ಟೆಂಬರ್ 21ರಂದು ಗಣಪತಿ ವಿಗ್ರಹಗಳು ಹಾಲು ಕುಡಿದವೆಂಬ ಸುದ್ದಿಯನ್ನು ಉದಾಹರಿಸಿರುವುದು ನನಗೆ ಒಪ್ಪಿಗೆಯಿಲ್ಲ. ಅಂದು ನಮ್ಮ ಬೀದಿಯ ಗುಡಿಯ ಮುಂದಿನ ಸಾಲಿನಲ್ಲಿ ನಾನೂ ನಿಂತಿದ್ದೆ. ಸೊಂಡಿಲಿಗೆ ತಾಗಿಸಿದ ಚಮಚದಲ್ಲಿ ಹಾಲು ನಿಜಕ್ಕೂ ಇಳಿಯುತ್ತಿತ್ತು. ಮೇಲ್ಮೈ ಎಳೆತದಿಂದಾಗಿ (ದ್ರವದ ಮೇಲ್ಮೈಯ ಕಣಗಳು ಒಂದನ್ನೊಂದು ಸೆಳೆದು ಹಿಡಿಯುವ ಗುಣ) ಅಂಚು ದಾಟಿ ಬಂದ ಹಾಲು, ಮೊದಲೇ ಒದ್ದೆಯಾಗಿದ್ದ ಕಲ್ಲಿನ ಮೇಲೆ ತೆಳುವಾದ ಪದರವಾಗಿ ಹರಿದು ಪೀಠ ಸೇರುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲು ಹಿಡಿದು ತೋರಿಸಿದಾಗಲೇ ಆ ದಾರಿ ಸ್ಪಷ್ಟವಾಯಿತು. ಹಾಗಾಗಿ ಕಣ್ಣು ಕಂಡದ್ದರಲ್ಲಿ ದೋಷವಿರಲಿಲ್ಲ, ಹಾಲು ಎಲ್ಲಿಗೆ ಹೋಯಿತೆಂದು ಕೇಳುವ ಅಗತ್ಯವನ್ನೇ ನಂಬಿಕೆ ಅಳಿಸಿಹಾಕಿತ್ತು. ಗುಡಿಯತ್ತ ಸುಳಿಯದೆ, ಮನೆಯಲ್ಲೇ ಕುಳಿತು ‘ಎಲ್ಲವೂ ಬೂಟಾಟಿಕೆ’ ಎಂದು ತೀರ್ಪು ಕೊಟ್ಟವರೂ (ಅಂಥವರಿಗೇನೂ ಕೊರತೆಯಿರಲಿಲ್ಲ) ಆ ಪ್ರಶ್ನೆಯನ್ನು ಕೇಳಿರಲಿಲ್ಲವೆಂಬುದು ಲೇಖನದಲ್ಲಿ ಬಿಟ್ಟುಹೋಗಿದೆ.