ಅಡುಗೆಮನೆಗೂ ಒಂದು ಟರ್ನ್ ಬೇಕು

ಗಂಡು-ಹೆಣ್ಣಿನ ಮಾತುಕತೆಯಲ್ಲಿ ಇವತ್ತಿಗೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಹುಡುಗಿಗೆ ಅಡುಗೆ ಬರುತ್ತಾ?" ಹುಡುಗಿ ಬಿ.ಇ. ಮಾಡಿದ್ದಾಳೆ, ಹುಡುಗನೂ ಬಿ.ಇ. ಇಬ್ಬರಿಗೂ ಔಟರ್ ರಿಂಗ್ ರೋಡಿನ ಆಸುಪಾಸಿನಲ್ಲೇ ಕೆಲಸ. ಸಂಬಳದಲ್ಲೂ ಅಂಥ ವ್ಯತ್ಯಾಸ ಇಲ್ಲ. ಆದರೂ ಈ ಪ್ರಶ್ನೆಯನ್ನು ಹುಡುಗನಿಗೆ ಯಾರೂ ಕೇಳುವುದಿಲ್ಲ.

ನಾನು ಇಂಜಿನಿಯರ್, ನನ್ನ ಗಂಡನೂ ಇಂಜಿನಿಯರ್. ನಮ್ಮ ಸ್ನೇಹಿತರ ಮನೆಗಳೂ ಹೆಚ್ಚುಕಡಿಮೆ ಹೀಗೇ. ಈ ಮನೆಗಳನ್ನು ಒಳಗಿನಿಂದ ನೋಡುತ್ತಾ ಬಂದವಳಾಗಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ. ಅಡುಗೆಯಲ್ಲಿ "ಹೆಲ್ಪ್" ಮಾಡುವ ಗಂಡ ಸಾಲದು. ವಾರ ಬಿಟ್ಟು ವಾರ ಅಡುಗೆಮನೆಯ ಪೂರ್ತಿ ಜವಾಬ್ದಾರಿ ಹೊರುವ ಗಂಡ ಬೇಕು.

ಯಾಕೆ ಅಂತ ಹೇಳುತ್ತೇನೆ. ನಮ್ಮ ಓರಗೆಯ ಗಂಡಸರು ಕೆಟ್ಟವರಲ್ಲ. "ಏನಾದ್ರೂ ಮಾಡ್ಲಾ?" ಅಂತ ಕೇಳುತ್ತಾರೆ. ಈರುಳ್ಳಿ ಹೆಚ್ಚಿಕೊಡು ಅಂದರೆ ಹೆಚ್ಚಿಕೊಡುತ್ತಾರೆ. ಭಾನುವಾರ ಬಿರಿಯಾನಿ ಮಾಡುತ್ತಾರೆ, ರುಚಿಯಾಗಿಯೇ ಮಾಡುತ್ತಾರೆ. ಆದರೆ ಸೋಮವಾರ ಬೆಳಗ್ಗೆ ತಿಂಡಿಗೆ ಏನು ಅನ್ನುವುದು ಅವರ ತಲೆಯಲ್ಲಿ ಇರುವುದಿಲ್ಲ. ಹೇಳಿದ್ದನ್ನು ಮಾಡುವುದು ಒಂದು ಕೆಲಸ. ಏನು ಮಾಡಬೇಕು ಅಂತ ದಿನವಿಡೀ ಯೋಚಿಸುವುದು ಅದಕ್ಕಿಂತ ದೊಡ್ಡ ಕೆಲಸ.

ದೋಸೆಯನ್ನೇ ತಗೊಳ್ಳಿ. ನಾಳೆ ಬೆಳಗ್ಗೆ ದೋಸೆ ಆಗಬೇಕು ಅಂದರೆ ಇವತ್ತು ಮಧ್ಯಾಹ್ನವೇ ಅಕ್ಕಿ, ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೀರಿಗೆ ಬೀಳಬೇಕು. ಅದಕ್ಕೂ ಮುಂಚೆ ಡಬ್ಬದಲ್ಲಿ ಉದ್ದಿನಬೇಳೆ ಇದೆಯಾ ಅಂತ ಗೊತ್ತಿರಬೇಕು. ರಾತ್ರಿ ಕಾಲ್ ಮುಗಿಸಿ ಒಂಬತ್ತಕ್ಕೆ ರುಬ್ಬಬೇಕು. ಡಿಸೆಂಬರ್ ಚಳಿಯಲ್ಲಿ ಬೆಂಗಳೂರಲ್ಲಿ ಹಿಟ್ಟು ಬೇಗ ಹುದುಗು ಬರುವುದಿಲ್ಲ. ಬೆಚ್ಚಗಿನ ಜಾಗ ಹುಡುಕಿ ಪಾತ್ರೆ ಇಡಬೇಕು. ಅದು ಉಕ್ಕಿ ಚೆಲ್ಲದ ಹಾಗೆ ದೊಡ್ಡ ಪಾತ್ರೆಯೇ ಆಗಬೇಕು. ಬೆಳಗ್ಗೆ ಎದ್ದು ದೋಸೆ ಹೊಯ್ಯುವುದು ಇದರ ಕೊನೆಯ ಹದಿನೈದು ನಿಮಿಷ ಅಷ್ಟೇ. "ನಾನೇ ದೋಸೆ ಮಾಡ್ದೆ" ಅನ್ನುವವರು ಮಾಡಿರುವುದು ಬಹಳ ಸಲ ಆ ಹದಿನೈದು ನಿಮಿಷದ ಕೆಲಸ.

ಐಟಿಯಲ್ಲಿ ಇರುವವರಿಗೆ ಆನ್-ಕಾಲ್ ಡ್ಯೂಟಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೂ ಫೋನ್ ಬರುವುದು ಆ ವಾರ ಡ್ಯೂಟಿಯಲ್ಲಿ ಇರುವವರಿಗೆ. ಅದು ಒಬ್ಬರ ಮೇಲೇ ಬೀಳಬಾರದು ಅಂತಲೇ ಸರದಿ ಇರುತ್ತದೆ. ಒಬ್ಬರನ್ನೇ ವರ್ಷಪೂರ್ತಿ ಆನ್-ಕಾಲ್ ಇಟ್ಟರೆ ಯಾವ ಟೀಮೂ ಸುಮ್ಮನಿರಲ್ಲ. ಅದೇ ಇಂಜಿನಿಯರ್‌ಗಳ ಮನೆಯಲ್ಲಿ ಒಬ್ಬಳೇ ಮದುವೆಯಾದ ದಿನದಿಂದ ಆನ್-ಕಾಲ್ ಇರುತ್ತಾಳೆ.

"ನಮ್ಮನೇಲಿ ಅಡುಗೆಯವರಿದ್ದಾರಲ್ಲ" ಅನ್ನುತ್ತಾರೆ ಕೆಲವರು. ನಮ್ಮ ಮನೆಗೂ ಬರುತ್ತಿದ್ದರು. ಬೆಳಗ್ಗೆ ನನ್ನದು ಸ್ಟ್ಯಾಂಡಪ್ ಮೀಟಿಂಗ್, ಅಂದರೆ ಟೀಮಿನ ದಿನದ ಪುಟ್ಟ ಸಭೆ, ಶುರುವಾಗುವ ಹೊತ್ತಿಗೇ ಬೆಲ್ ಆಗುತ್ತಿತ್ತು. ಆ ರೂಮಲ್ಲಿ ನನ್ನ ಗಂಡ ಕೂತಿದ್ದರು, ಈ ರೂಮಲ್ಲಿ ನಾನು. ಆ ಅಕ್ಕ ನೇರ ನನ್ನ ರೂಮಿನ ಬಾಗಿಲಿಗೆ ಬಂದು "ಅಕ್ಕಾ, ಇವತ್ತು ಏನ್ ಮಾಡ್ಲಿ?" ಅಂತ ಕೇಳುತ್ತಿದ್ದರು. ಮ್ಯೂಟ್ ಒತ್ತಿ, "ಬೀನ್ಸ್ ಪಲ್ಯ, ಟೊಮೆಟೊ ಸಾರು" ಅಂದು ಮತ್ತೆ ಮೀಟಿಂಗಿಗೆ ಬರುತ್ತಿದ್ದೆ. ಅವರು ರಜೆ ಹಾಕಿದರೆ ಮೆಸೇಜ್ ಬರುತ್ತಿದ್ದದ್ದೂ ನನ್ನ ಫೋನಿಗೇ. ಅವರ ತಪ್ಪೇನೂ ಇಲ್ಲ. ಯಾವ ಮನೆಗೆ ಹೋದರೂ ಹೀಗೇ ನಡೆಯುತ್ತದೆ ಅಂತ ಅವರಿಗೆ ಗೊತ್ತು.

ಇದು ನಾನೊಬ್ಬಳು ಹೇಳುವ ಮಾತಲ್ಲ. ಕೇಂದ್ರ ಸರ್ಕಾರವೇ ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿದೆ. 2019ರಲ್ಲಿ ಒಂದು, 2024ರಲ್ಲಿ ಇನ್ನೊಂದು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು 2024ರಲ್ಲಿ ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸ ಮುಟ್ಟಿದ ಗಂಡಸರ ಲೆಕ್ಕ ಮಾತ್ರ. ಅಂಥವರು ನೂರಕ್ಕೆ ಸುಮಾರು 27 ಜನ. 2019ರಲ್ಲಿ ಗಂಡಸರದ್ದು 97 ನಿಮಿಷ ಇತ್ತು, ಈಗ ಇನ್ನೂ ಇಳಿದಿದೆ. ಇದು ಇಡೀ ದೇಶದ ಲೆಕ್ಕ, ಇಂಜಿನಿಯರ್‌ಗಳದ್ದೇ ಅಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಮನೆಗಳಲ್ಲಿ ನಾನು ನೋಡುವುದು ಇದಕ್ಕಿಂತ ತೀರಾ ಬೇರೆಯಾಗಿಲ್ಲ.

ನನಗೆ ನಿಜಕ್ಕೂ ಬೇಜಾರಾಗುವುದು ಇನ್ನೊಂದು ವಿಷಯಕ್ಕೆ. ಈ ಹುಡುಗರಿಗೆ ಸರದಿ ಮೇಲೆ ಅಡುಗೆ ಮಾಡುವುದು ಚೆನ್ನಾಗಿ ಗೊತ್ತು! ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದ ಯಾರನ್ನಾದರೂ ಕೇಳಿ ನೋಡಿ. ಮೂರು ನಾಲ್ಕು ಜನ ಸೇರಿ ಮನೆ ಬಾಡಿಗೆಗೆ ಹಿಡಿಯುತ್ತಾರೆ. ಹೊರಗಡೆ ದಿನಾ ತಿನ್ನುವಷ್ಟು ದುಡ್ಡಿರುವುದಿಲ್ಲ. ಹಾಗಾಗಿ "ಕುಕಿಂಗ್ ಟರ್ನ್" ಮಾಡಿಕೊಳ್ಳುತ್ತಾರೆ. ಇವತ್ತು ನೀನು ಅಡುಗೆ, ಅವನು ಪಾತ್ರೆ, ನಾಳೆ ನಾನು. ಇಂಡಿಯನ್ ಸ್ಟೋರಿಗೆ ಹೋಗಿ ತೊಗರಿಬೇಳೆ, ಸಾರಿನ ಪುಡಿ ತರುವುದೂ ಸರದಿಯೇ. ಪರೀಕ್ಷೆ ಇದೆ ಅಂತ ಟರ್ನ್ ತಪ್ಪಿಸಿದರೆ ರೂಮ್‌ಮೇಟ್‌ಗಳು ಬಿಡುವುದಿಲ್ಲ. ಅಂಥ ಹುಡುಗ ಊರಿಗೆ ಬಂದು ಮದುವೆಯಾಗಿ ವರ್ಷ ತುಂಬುವುದರೊಳಗೆ "ಸಾಸಿವೆ ಎಲ್ಲಿದೆ?" ಅಂತ ಕೇಳುವ ಗಂಡ ಆಗಿರುತ್ತಾನೆ. ಕಲಿತದ್ದು ಮರೆತದ್ದಲ್ಲ. ರೂಮ್‌ಮೇಟ್ ಜೊತೆ ಇದ್ದ ಸಮಪಾಲು ಹೆಂಡತಿ ಜೊತೆ ಯಾಕೆ ಇರುವುದಿಲ್ಲ ಅಂತ ಅವನನ್ನು ಯಾರೂ ಕೇಳಲಿಲ್ಲ, ಅಷ್ಟೇ. ಹೆಣ್ಣಿನ ಕಡೆಯವರು ಕೇಳಬೇಕು. ಮದುವೆಗೆ ಮುಂಚೆಯೇ ಕೇಳಬೇಕು.

ಕೆಲಸದ ಒತ್ತಡ ಅನ್ನುತ್ತಾರೆ. ಒಪ್ಪುತ್ತೇನೆ, ಒತ್ತಡ ಇದೆ. ಆದರೆ ಈ ಒತ್ತಡದ ಬಗ್ಗೆ ದೊಡ್ಡವರು ಆಡುವ ಮಾತನ್ನೂ ಸ್ವಲ್ಪ ಗಮನಿಸಿ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಇನ್ಫೋಸಿಸ್‌ನಂಥ ದೊಡ್ಡ ಕಂಪನಿ ಕಟ್ಟಿದವರು, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ವಾರಕ್ಕೆ ಆರು ದಿನ ಅಂದುಕೊಂಡರೂ ದಿನಕ್ಕೆ ಹನ್ನೆರಡು ಗಂಟೆ ಹತ್ತಿರ ಆಯಿತು. ಅದರ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಹಾಗೆ ದುಡಿಯುವವನಿಗೆ ಊಟ ಹಾಕುವವರು ಯಾರು? 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ವಿಡಿಯೋ ಬಂತು. ಭಾನುವಾರವೂ ಕೆಲಸ ಮಾಡಿ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡುತ್ತೀರಿ ಅನ್ನುವ ಅರ್ಥದ ಮಾತು. ಮನೆಯಲ್ಲಿ ಗಂಡಸಿಗೆ ಮಾಡಲು ಕೆಲಸವೇ ಇಲ್ಲ ಅನ್ನುವ ನಂಬಿಕೆ ಆ ಮಾತಿನ ಹಿಂದೆ ಇದೆ. ನೌಕರಿಗೆ ಹೋಗುವ ಆ ಹೆಂಡತಿಗೂ ಒಬ್ಬ ಬಾಸ್ ಇದ್ದಾನೆ, ಅವಳಿಗೂ ಇದೇ ಮಾತು ಹೇಳುತ್ತಾನೆ ಅನ್ನುವುದು ಯಾರಿಗೂ ಹೊಳೆದ ಹಾಗೆ ಕಾಣಲಿಲ್ಲ.

ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ವಾದವೂ ಇದೆ. ಬಂದಿವೆಯಲ್ಲ! ಮಿಕ್ಸಿ, ಗ್ರೈಂಡರ್, ಕುಕ್ಕರ್ ಎಲ್ಲ ಇವೆ. 2005ರಲ್ಲಿ ಬೆಂಗಳೂರಲ್ಲೇ ಐಡಿ ಕಂಪನಿಯ ಪ್ಯಾಕೆಟ್ ಹಿಟ್ಟು ಶುರುವಾಯಿತು, 2014ರಲ್ಲಿ ಸ್ವಿಗ್ಗಿ. ಎರಡೂ ನನಗೆ ಬಹಳ ಸಲ ಕೈಹಿಡಿದಿವೆ. ಆದರೆ ಪ್ಯಾಕೆಟ್ ಮುಗಿದಿದೆ ಅಂತ ಗೊತ್ತಾಗುವುದು ಈಗಲೂ ಒಬ್ಬಳಿಗೇ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಲಿಲಿಯನ್ ಗಿಲ್‌ಬ್ರೆತ್ ಅಂತ ಒಬ್ಬ ಇಂಜಿನಿಯರ್ ಇದ್ದರು. ಗಂಡ-ಹೆಂಡತಿ ಇಬ್ಬರೂ ಸೇರಿ ಕಾರ್ಖಾನೆಗಳಲ್ಲಿ ಕೆಲಸಗಾರರ ಒಂದೊಂದು ಚಲನೆಯನ್ನೂ ಅಳೆದು ಶ್ರಮ ಕಡಿಮೆ ಮಾಡುತ್ತಿದ್ದರು. 1924ರಲ್ಲಿ ಗಂಡ ತೀರಿಕೊಂಡ ಮೇಲೆ ಹೆಂಗಸೊಬ್ಬಳಿಗೆ ಆ ಕೆಲಸ ಕೊಡಲು ಕಂಪನಿಗಳು ಹಿಂದೇಟು ಹಾಕಿದವು. ಆಗ ಅವರು ಅದೇ ವಿದ್ಯೆಯನ್ನು ಅಡುಗೆಮನೆಗೆ ತಂದರು. ಒಲೆ, ಸಿಂಕು, ಕಟ್ಟೆ ಎಲ್ಲೆಲ್ಲಿ ಇದ್ದರೆ ಓಡಾಟ ಕಡಿಮೆ ಅಂತ ಅಳೆದು ತೋರಿಸಿದರು. ನಮ್ಮ ಮನೆಗಳ ಕಾಲಲ್ಲಿ ಒತ್ತುವ ಕಸದ ಡಬ್ಬ, ಫ್ರಿಜ್ ಬಾಗಿಲಿನ ಶೆಲ್ಫು ಅವರ ಆಲೋಚನೆ ಅನ್ನುತ್ತಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಹೆಜ್ಜೆ ಎಷ್ಟು ಕಡಿಮೆಯಾದರೂ ಆ ಹೆಜ್ಜೆ ಯಾರದ್ದು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ.

ನಮ್ಮ ಮನೆಯಲ್ಲಿ ಈಗ ಒಂದು ವಾರ ನನ್ನದು, ಒಂದು ವಾರ ಅವರದು. ಅವರ ವಾರ ಅಂದರೆ ತಿಂಡಿ, ಡಬ್ಬಿ, ರಾತ್ರಿ ಊಟ, ತರಕಾರಿ, ಹಾಲು, ಗ್ಯಾಸ್ ಬುಕಿಂಗ್ ಎಲ್ಲ ಅವರದೇ. ನಾನು ನೆನಪಿಸುವ ಹಾಗಿಲ್ಲ. ಇದು ಬಹಳ ಮುಖ್ಯ, ನೆನಪಿಸಿದರೆ ಕೆಲಸ ಮತ್ತೆ ನನ್ನ ತಲೆಗೇ ಬಂದ ಹಾಗೆ. ಒಂದು ದಿನ ಉಪ್ಪಿಟ್ಟಿಗೆ ರವೆ ಇರುವುದಿಲ್ಲವಾ, ಇರದಿರಲಿ. ಅವಲಕ್ಕಿ ತಿನ್ನೋಣ.

ಶುರುವಿನಲ್ಲಿ ನಮ್ಮ ಅತ್ತೆಗೆ ಇದು ಇಷ್ಟವಾಗಲಿಲ್ಲ. "ಪಾಪ, ಅವನಿಗೆ ಯಾಕಮ್ಮ ಇದೆಲ್ಲ, ಮೀಟಿಂಗ್ ಇರುತ್ತೆ" ಅಂದರು. "ಅಮ್ಮಾ, ಅವಳಿಗೂ ಮೀಟಿಂಗ್ ಇರುತ್ತೆ" ಅಂತ ಮಗನೇ ಹೇಳಿದರು. ಅತ್ತೆ ಸ್ವಲ್ಪ ದಿನ ಸುಮ್ಮನಿದ್ದರು. ಆಮೇಲೆ ಅವರೇ ಸ್ಟೂಲ್ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತು ಮಗನಿಗೆ ಬಸ್ಸಾರು ಹೇಳಿಕೊಟ್ಟರು. ಈಗ ನನ್ನ ಗಂಡನ ಬಸ್ಸಾರು ನನ್ನದಕ್ಕಿಂತ ಚೆನ್ನಾಗಿರುತ್ತದೆ.

ನನ್ನ ಮಗ ಈ ಸಲ ಸಿಇಟಿ ಬರೆದಿದ್ದಾನೆ. ಸಿಇಟಿ ಮುಗಿದು ಕಾಲೇಜು ಶುರುವಾಗುವ ತನಕ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಕೋಡಿಂಗ್ ಕೋರ್ಸಿಗೆ ಸೇರಿಸಿ ಅಂತ ಎಲ್ಲರೂ ಹೇಳಿದರು. ನಾವು ಮೊದಲು ಅಡುಗೆಮನೆಗೆ ಸೇರಿಸಿದ್ದೇವೆ. ಬಸ್ಸಾರಿಗೆ ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸಬೇಕು. ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಿಹೋಗಬಾರದು. ಸೊಪ್ಪು ಹಾಕಿ ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಅಡುಗೆ. "ಕುಕ್ಕರಲ್ಲಿ ಯಾಕೆ ಬೇಡ?" ಅಂತ ಕೇಳಿದ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಒಳಗೆ ಅದು 120ರ ಹತ್ತಿರ ಹೋಗುತ್ತದೆ, ಬೇಳೆ ಗಂಜಿ ಆಗುತ್ತದೆ ಅಂತ ಅವರಪ್ಪ ಹೇಳಿಕೊಟ್ಟರು. ಮುಂದಿನ ವಾರದಿಂದ ಟರ್ನ್ ಮೂರು ಜನರ ನಡುವೆ. ಅವನ ವಾರದಲ್ಲಿ ಗ್ಯಾಸ್ ಬುಕಿಂಗೂ ಅವನದೇ.

ನಿಮ್ಮ ಮನೆಯಲ್ಲೂ ಸಿಇಟಿ ಬರೆದು ಕೂತ ಹುಡುಗ ಇದ್ದರೆ ಈ ವಾರವೇ ಶುರು ಮಾಡಿ. ಮೊದಲ ದಿನ ಬೇಳೆ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಏನಿದೆ, ಏನಿಲ್ಲ ಅಂತ ಅವನ ಕೈಯಲ್ಲೇ ಪಟ್ಟಿ ಬರೆಸಿ.