ಹೊಸ ಕ್ಯಾಮ್‌ಶಾಫ್ಟನ್ನು ಸ್ಲೋದಲ್ಲಿ ಬಿಟ್ಟು ಹಾಳು ಮಾಡಬೇಡಿ

ಇವತ್ತು ಬೈಕಂಪಾಡಿ ಕಡೆ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಂಬಾಸಿಡರ್ ಒಂದರ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದರು. ಪಿಸ್ಟನ್, ಬೇರಿಂಗ್, ಕ್ಯಾಮ್‌ಶಾಫ್ಟ್, ಟ್ಯಾಪೆಟ್ ಎಲ್ಲ ಹೊಸತು. (ಕ್ಯಾಮ್‌ಶಾಫ್ಟ್ ಅಂದರೆ ತಿರುಗುತ್ತಾ ವಾಲ್ವ್ ತೆರೆಸುವ ದಂಡ, ಅದರ ಮೇಲಿನ ಉಬ್ಬುಗಳೇ ಲೋಬ್; ಲೋಬಿನ ಒತ್ತನ್ನು ವಾಲ್ವ್ ಕಡೆ ದಾಟಿಸುವ ತುಂಡು ಟ್ಯಾಪೆಟ್.) ತೆಂಗಿನಕಾಯಿ ಒಡೆದು ಸ್ಟಾರ್ಟ್ ಮಾಡಿದರು. ಆಮೇಲೆ ಎಂತ ಮಾಡಿದರು ಗೊತ್ತಾ? ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ, ಓಡಲು ಬಿಟ್ಟು ಚಾ ಕುಡಿಯಲು ನಿಂತರು. "ಹೊಸ ಎಂಜಿನ್ ಅಲ್ವಾ, ರೇಸ್ ಕೊಡಬೇಡಿ ಮಾರಾಯ್ರೆ" ಅಂತ ಗಾಡಿಯವರೂ ಹೇಳುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ, ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಕ್ಯಾಮ್ ಇರುವುದು ಕೆಳಗೆ, ಬ್ಲಾಕಿನ ಒಳಗೆ. ಪ್ರೀಮಿಯರ್ ಪದ್ಮಿನಿ ಕಾರಿನದ್ದೂ ಹಾಗೇ. ಲೋಬ್ ನೇರವಾಗಿ ಟ್ಯಾಪೆಟ್‌ನ ತಳಕ್ಕೆ ಉಜ್ಜುತ್ತದೆ, ನಡುವೆ ರೋಲರ್ ಇಲ್ಲ. ವಾಲ್ವ್ ಸ್ಪ್ರಿಂಗಿನ ಭಾರವೆಲ್ಲ ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಅಲ್ಲಿಗೆ ಎಣ್ಣೆ ಬರುವುದು ಹೆಚ್ಚಾಗಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತಿರುಗಿ ಚಿಮ್ಮಿಸಿದರೆ ಮಾತ್ರ. ಸ್ಲೋದಲ್ಲಿ ಎಷ್ಟು ಚಿಮ್ಮೀತು? ಲೋಬಿನ ತುದಿಗೆ ಸ್ಪ್ರಿಂಗ್ ಒತ್ತುವುದು ಜಾಸ್ತಿ ಆಗುವುದೂ ಸ್ಲೋದಲ್ಲೇ. ಅಂದರೆ ಎಣ್ಣೆ ಕಡಿಮೆ, ಒತ್ತಡ ಜಾಸ್ತಿ, ಎರಡೂ ಒಟ್ಟಿಗೆ. ಮೆಲ್ಲ ಬಿಟ್ಟರೆ ಎಂಜಿನ್‌ಗೆ ಒಳ್ಳೆಯದು ಅಂದುಕೊಂಡು ಮಾಡುವ ಕೆಲಸ ಇದು!

ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ (ನಿಮಿಷಕ್ಕೆ 2000 ಸುತ್ತು) ಏರಿಸಬೇಕು. 20ರಿಂದ 30 ನಿಮಿಷ, 2000 ಮತ್ತು 2500ರ ನಡುವೆ ಏರಿಸುತ್ತಾ ಇಳಿಸುತ್ತಾ ಇರಬೇಕು. ನೀರು ಸೋರಿದರೆ, ಎಣ್ಣೆ ಪ್ರೆಷರ್ ಬಿದ್ದರೆ ಪೂರ್ತಿ ಆಫ್ ಮಾಡಿ, ಸರಿಮಾಡಿ, ಮತ್ತೆ ಮುಂದುವರಿಸಿ. ಸ್ಲೋಗೆ ಇಳಿಸಿ ಇಣುಕಿ ನೋಡುವ ಅಭ್ಯಾಸ ಬಿಟ್ಟುಬಿಡಿ.

ಮೊದಲೇ ತಯಾರಿ ಮಾಡಿಕೊಂಡರೆ ಇದೇನೂ ಕಷ್ಟ ಅಲ್ಲ. ಲೋಬಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ. ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಸರಿ ಇಟ್ಟುಕೊಳ್ಳಿ, ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿಸಿ, ಎಣ್ಣೆ ಪಂಪ್ ಪ್ರೈಮ್ ಮಾಡಿ, ಅಂದರೆ ಅದರಲ್ಲಿ ಮೊದಲೇ ಎಣ್ಣೆ ತುಂಬಿಸಿಡಿ. ಇಲ್ಲದಿದ್ದರೆ ಗಾಡಿ ಹಿಡಿಯುವವರೆಗೆ ಸೆಲ್ಫ್ ಹೊಡೆದು ಹೊಡೆದೇ ಆ ಪೇಸ್ಟ್ ಅಳಿಸಿ ಹೋಗುತ್ತದೆ.

ಹೊಸ ಕ್ಯಾಮಿಗೆ ಹಳೆ ಟ್ಯಾಪೆಟ್ ಅಂತೂ ಬೇಡವೇ ಬೇಡ. ಟ್ಯಾಪೆಟ್ ತನ್ನ ಜಾಗದಲ್ಲೇ ಬುಗುರಿಯ ಹಾಗೆ ತಿರುಗುತ್ತಿರಬೇಕು, ತಳ ಸವೆದ ಹಳೆಯದು ಹಾಗೆ ಸರಿಯಾಗಿ ತಿರುಗುವುದಿಲ್ಲ. ತಿರುಗಿದ ಟ್ಯಾಪೆಟ್ ತೆಗೆದು ನೋಡಿದರೆ ತಳದಲ್ಲಿ ಒಂದರೊಳಗೊಂದು ಸಣ್ಣ ವೃತ್ತಗಳು ಹೊಳೆಯುತ್ತವೆ. ತಿರುಗದೆ ನಿಂತದ್ದರಲ್ಲಿ ನಡುವೆ ತಗ್ಗು, ಉಗುರು ಆಡಿಸಿದರೆ ಸಿಗುತ್ತದೆ. ಅದರ ಲೋಬಿನ ಮೂಗು ಚಪ್ಪಟೆ ಆಗಿರುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಸವೆದ ಕಬ್ಬಿಣದ ಪುಡಿ ಎಣ್ಣೆ ಜೊತೆ ಹೋಗಿ ಹೊಸ ಬೇರಿಂಗನ್ನೂ ತಿನ್ನುತ್ತದೆ. ಹೊಟ್ಟೆ ಉರಿಯುತ್ತದೆ ನೋಡಿದರೆ.

"ಹಿಂದೆ ಯಾರೂ ಇದೆಲ್ಲ ಮಾಡ್ತಿರಲಿಲ್ಲ, ಗಾಡಿ ಓಡ್ಲಿಲ್ವಾ?" ಅಂತ ಕೇಳುತ್ತಾರೆ. ಓಡಿದ್ದೂ ಉಂಟು, ಲೋಬ್ ಹೋದದ್ದೂ ಉಂಟು. ಆದರೆ ಆಗಿನ ಎಣ್ಣೆಯಲ್ಲಿ ಸತು-ರಂಜಕದ ಅಂಶ ಜಾಸ್ತಿ ಇತ್ತು, ಉಜ್ಜುವ ಜಾಗವನ್ನು ಕಾಯುವುದು ಅದೇ. ಎಕ್ಸಾಸ್ಟಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಅದನ್ನು ಕಡಿಮೆ ಮಾಡುತ್ತಾ ಬಂದರು. ಎಪಿಐ ಅನ್ನುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ 2004ರ 'ಎಸ್‌ಎಂ' ಎಣ್ಣೆ ದರ್ಜೆಯಲ್ಲಿ ತೆಳು ಗ್ರೇಡ್‌ಗಳಿಗೆ ರಂಜಕ ದಶಲಕ್ಷಕ್ಕೆ 800 ಭಾಗ ಮೀರಬಾರದು ಅಂತಾಯಿತು. ಹೊಸ ಕಾರಿಗೆ ಸರಿ. ನಮ್ಮ ಹಳೆ ಗಾಡಿಗೆ ಸತು ಜಾಸ್ತಿ ಇರುವ ಎಣ್ಣೆಯನ್ನೇ ಹುಡುಕಿ ಹಾಕಬೇಕು, ಆ ಅರ್ಧ ಗಂಟೆ ಮುಗಿದ ಮೇಲೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಬೇಕು.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಒಳ್ಳೆಯ ಕ್ಯಾಮ್ ಹುಡುಕುವುದೇ ಈಗ ದೊಡ್ಡ ಕೆಲಸ. ಸಿಕ್ಕಿದ್ದನ್ನು ಚಾ ಕುಡಿಯುವಷ್ಟು ಹೊತ್ತಲ್ಲಿ ಯಾಕೆ ಹಾಳು ಮಾಡಬೇಕು?

ಮಂಗಳೂರು, ಉಡುಪಿ, ಕಟಪಾಡಿ ಕಡೆ ಯಾರಾದರೂ ಹೊಸ ಕ್ಯಾಮ್ ಹಾಕಿ ಸ್ಟಾರ್ಟ್ ಮಾಡುವವರಿದ್ದರೆ ಹಿಂದಿನ ದಿನವೇ ಒಂದು ಮೆಸೇಜ್ ಹಾಕಿ. ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ತಗೊಂಡು ಬರುತ್ತೇನೆ, ಅರ್ಧ ಗಂಟೆ ಆಕ್ಸಿಲರೇಟರ್ ನಾನೇ ಹಿಡಿಯುತ್ತೇನೆ.